ಮಳವಳ್ಳಿಗೆ ಕೇಳಿಸಿದ ಅಳು

ನಂಬದೇ ಇರೋರು ಈಗಲೇ ಪುಟ ಮಗುಚಿ ಮುಂದೆ ಹೋಗಬಹುದು, ನನಗೇನೂ ಬೇಜಾರಿಲ್ಲ. ದೆವ್ವ, ಗಾಳಿ ಅಂತ ಯಾರಾದರೂ ಬಾಯಿ ತೆಗೆದರೆ, ಹೋಗಿ ನಿಮ್ಮ ಕೆಲಸ ನೋಡ್ಕೊಳ್ರಪ್ಪ ಅಂತ ಗದರುವವಳೇ ನಾನು. ಮಂಡ್ಯದ ಗುತ್ತಲಿನಲ್ಲಿ ರವಿಕೆ ಹೊಲಿದು ಬದುಕುವವಳಿಗೆ ಕಥೆ ಕಟ್ಟಲು ಪುರಸೊತ್ತಾದರೂ ಎಲ್ಲಿದೆ? ಆದರೆ ಆ ರಾತ್ರಿ ನಡೆದದ್ದು ನಡೆದದ್ದೇ. ನನ್ನ ಕಣ್ಣಾರೆ ನೋಡಿದ್ದೇನೆ.

ನನ್ನ ತಂಗಿ ಸವಿತಾಳಿಗೆ ಚೊಚ್ಚಲ ಹೆರಿಗೆ. ತವರಿಗೆ ಬಂದಿದ್ದಳು, ಮಳವಳ್ಳಿಯ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಹಗಲೆಲ್ಲ ನೋವು ತಿಂದಳು, ಕೊನೆಗೆ ಆಪರೇಷನ್ ಮಾಡಿ ಮಗು ತೆಗೆದರು. ಗಂಡು ಮಗು. ಅಳಲಿಲ್ಲ. ಬಾಗಿಲಾಚೆ ನಿಂತು ನಾವೆಲ್ಲ ಆ ಒಂದು ಅಳುವಿಗಾಗಿ ಕಾದೆವು... ಒಳಗೆ ಯಾರೋ ಓಡಾಡುವ ಚಪ್ಪಲಿ ಸದ್ದು ಮಾತ್ರ ಕೇಳುತ್ತಿತ್ತು.

ಮಗುವನ್ನು ಆಂಬುಲೆನ್ಸಿನಲ್ಲಿ ಒಂದು ಗಂಟೆ ದಾರಿಯಾಚೆ, ಮಂಡ್ಯದ ದೊಡ್ಡ ಆಸ್ಪತ್ರೆಗೆ ತಂದೆವು. ಹೊಟ್ಟೆ ಕುಯ್ಯಿಸಿಕೊಂಡಿದ್ದ ಸವಿತಾ ಮಳವಳ್ಳಿಯಲ್ಲೇ ಉಳಿದಳು, ಅವ್ವ ಅವಳ ಜೊತೆಗಿದ್ದಳು. ಡಾಕ್ಟರು ನನ್ನನ್ನೂ ಸವಿತಾಳ ಗಂಡನನ್ನೂ ಕೂರಿಸಿ ಹೇಳಿದರು: ಹುಟ್ಟುವಾಗ ಮಗುವಿನ ಮಿದುಳಿಗೆ ಆಮ್ಲಜನಕ ಸಾಲಲಿಲ್ಲ, ಪೆಟ್ಟು ಬಿದ್ದಿದೆ. ಪೆಟ್ಟು ಇನ್ನೂ ಹೆಚ್ಚಾಗದಿರಲಿ ಅಂತ ಮೂರು ದಿನ ಅವನ ಮೈಯನ್ನು ತಣ್ಣಗಿಡಬೇಕು, ಆಮೇಲೆ ನಿಧಾನಕ್ಕೆ ಬೆಚ್ಚಗೆ ಮಾಡಬೇಕು. ಉಳಿದರೂ ಮುಂದೆ ಹೇಗಿರುತ್ತಾನೋ ಈಗಲೇ ಹೇಳಲಾಗದು ಅಂದರು.

ಬಾಣಂತಿ ಹೆದರಬಾರದು ಅಂತ ಸವಿತಾಳಿಗೆ ಇದನ್ನು ಹೇಳಲಿಲ್ಲ. ಅವ್ವನಿಗೂ ಹೇಳಲಿಲ್ಲ. ಉಸಿರಾಟಕ್ಕೆ ಸ್ವಲ್ಪ ತೊಂದರೆ, ಗಾಜಿನ ಪೆಟ್ಟಿಗೆಯಲ್ಲಿ ಬೆಚ್ಚಗೆ ಮಲಗಿಸಿದ್ದಾರೆ ಅಂತ ಹೇಳಿಬಿಟ್ಟೆ.

ಒಮ್ಮೆ ಒಳಗೆ ಬಿಟ್ಟರು. ಕೈ ತೊಳೆಸಿ, ಬೇಕಾದರೆ ಪಾದ ಮುಟ್ಟಿ ಅಂದರು. ಮುಟ್ಟಿದೆ... ಹೆಣದ ಕಾಲಿನ ಹಾಗೆ ತಣ್ಣಗಿತ್ತು. ಮೈ ಮೇಲೆ ಬಟ್ಟೆಯಿಲ್ಲ, ಗಂಟಲಿಗೆ ಕೊಳವೆ, ಎದೆ ಮೆಷಿನ್ನು ಹೇಳಿದ ಹಾಗೆ ಏರಿಳಿಯುತ್ತಿತ್ತು. ತೆಳ್ಳನೆಯ ಬಟ್ಟೆಯನ್ನಾದರೂ ಹೊದಿಸಲಾ ಅಂತ ಕೇಳಿದೆ. ಕೂಡದು, ಮೈ ಬಿಸಿಯೇರಿದರೆ ಮಾಡಿದ್ದೆಲ್ಲ ನೀರುಪಾಲಾಗುತ್ತೆ ಅಂದರು ಸಿಸ್ಟರ್.

ಎರಡನೇ ರಾತ್ರಿ... ಗಾಜಿನ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಮೂಗಿಗೆ ಅಡರುವ ಫಿನಾಯಿಲ್ ವಾಸನೆ. ಒಳಗಿಂದ ಟಿಕ್... ಟಿಕ್... ಸದ್ದು. ಸವಿತಾಳ ಗಂಡ ಪಕ್ಕದಲ್ಲೇ ಗೋಡೆಗೊರಗಿ ನಿದ್ದೆ ಹೋಗಿದ್ದ. ನನ್ನ ಫೋನು ಗುಂಯ್‌ಗುಟ್ಟಿತು. ಸವಿತಾ.

"ಅಕ್ಕ... ಮಗ ಅಳ್ತಾವ್ನೆ. ಯಾಕೆ ಯಾರೂ ಎತ್ಕೊಳ್ತಾ ಇಲ್ಲ?"

ನಿನ್ನ ಪಕ್ಕದ ರೂಮಿನ ಮಗುವಿರಬೇಕು ಅಂದೆ. ಇಲ್ಲಿ ಬೇರೆ ಕೂಸೇ ಇಲ್ಲ ಅಂದಳು. ಇವಳು ಆಗಿನಿಂದ ಇದನ್ನೇ ಹೇಳುತ್ತಿದ್ದಾಳೆ, ನನಗಂತೂ ಏನೂ ಕೇಳಿಸುತ್ತಿಲ್ಲ ಅಂತ ಅವ್ವ ಹಿಂದಿನಿಂದ ಗೊಣಗಿದಳು. ನನಗೆ ರೇಗಿಹೋಯಿತು. ಹೊಲಿಗೆ ಬಿಚ್ಚಿಕೊಂಡೀತು, ಬಾಯಿ ಮುಚ್ಚಿಕೊಂಡು ಮಲಗು ಅಂತ ಗದರಿದೆ.

ಅವಳು ದನಿ ತಗ್ಗಿಸಿದಳು.

"ಚಳಿಗೆ ಅಳ್ತಾವ್ನೆ ಕಣಕ್ಕ. ಮೈಯೆಲ್ಲ ತಣ್ಣಗಾಗೋಗದೆ. ಏನಾರ ಒದಿಸು... ನಿನ್ ಕಾಲಿಗೆ ಬೀಳ್ತೀನಿ."

ತಣ್ಣಗಿಟ್ಟಿರುವ ವಿಷಯ ಇವಳಿಗೆ ಯಾರು ಹೇಳಿದರು? ಗೊತ್ತಿದ್ದದ್ದು ನನಗೆ, ಮತ್ತೆ ಇಲ್ಲಿ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದವನಿಗೆ.

ಎದ್ದು ಗಾಜಿಗೆ ಮುಖ ಒತ್ತಿ ನೋಡಿದೆ. ಅಯ್ಯೋ ದೇವರೇ... ಮಗು ಅಳುತ್ತಿತ್ತು. ಹುಬ್ಬು ಗಂಟಿಕ್ಕಿ, ಮುಖ ಕಿವುಚಿ, ಬಾಯಿ ಸೊಟ್ಟ ಮಾಡಿ... ಆದರೆ ಸದ್ದಿಲ್ಲ. ಗಂಟಲಲ್ಲಿ ಕೊಳವೆ ಇರುವವರೆಗೆ ದನಿ ಹೊರಡುವುದಿಲ್ಲವಂತೆ, ಸಿಸ್ಟರ್ ಹೇಳಿದ್ದರು. ಗಾಜಿನೀಚೆ ನಿಂತ ನನಗೆ ಕೇಳದ ಅಳು ಮಳವಳ್ಳಿಯಲ್ಲಿ ಮಲಗಿದ್ದವಳಿಗೆ ಕೇಳುತ್ತಿತ್ತು.

ಬಾಗಿಲು ತಟ್ಟಿದೆ. ಸಿಸ್ಟರ್ ಬಂದು ಮೆಷಿನ್ನು ನೋಡಿ, ಎಲ್ಲ ಸರಿಯಿದೆ, ಹೊದಿಸೋ ಹಾಗಿಲ್ಲಮ್ಮ ಅಂತ ಮೆಲ್ಲಗೆ ಹೇಳಿ ಒಳಗೆ ಹೋದರು. ಫೋನಿನಲ್ಲಿ ಇವಳು ಬಿಕ್ಕುತ್ತಲೇ ಇದ್ದಳು. ಹೊದಿಸಿದರೆ ಅವನ ಮಿದುಳಿಗೆ ಕೇಡು, ಹೊದಿಸದಿದ್ದರೆ ಇವಳ ಸಂಕಟ ನೋಡಲಾಗದು. ನಾನೇನು ಮಾಡಲಿ? ಅಷ್ಟು ಅಸಹಾಯಕಳಾಗಿ ನಾನು ಹುಟ್ಟಿದಾಗಿನಿಂದ ನಿಂತವಳಲ್ಲ. ಹೊದಿಸಿದೆ ಕಣವ್ವ ಅಂತ ಸುಳ್ಳು ಹೇಳಿದೆ.

"ಇಲ್ಲ ಅಕ್ಕ. ಒದಿಸ್ಲಿಲ್ಲ ನೀನು."

ಫೋನಿನಲ್ಲಿ ಅವಳ ಉಸಿರು ಮಾತ್ರ ಕೇಳುತ್ತಿತ್ತು. ಆಮೇಲೆ ಒಮ್ಮೆಲೇ...

"ಬುಟ್ಟ. ಅಳೋದು ಬುಟ್ಟ ಕಣಕ್ಕ. ಯಾರೋ ಎತ್ಕೊಂಡ್ರು."

ಮಗುವಿನ ಹತ್ತಿರ ಯಾರೂ ಇರಲಿಲ್ಲ. ಸಿಸ್ಟರ್ ಆ ತುದಿಯಲ್ಲಿ ಇನ್ನೊಂದು ಕೂಸಿನ ಮೇಲೆ ಬಗ್ಗಿದ್ದರು. ಆದರೆ ಇವನ ಮುಖ ಸಡಿಲಾಗಿತ್ತು, ಹೆಗಲಿಗೆ ಹಾಕಿಕೊಂಡ ತಕ್ಷಣ ಮಕ್ಕಳ ಮುಖ ಹಾಗಾಗುತ್ತದೆ. ಮೆಷಿನ್ನು ಅದೇ ಟಿಕ್... ಟಿಕ್... ಬೆಳಿಗ್ಗೆ ಡಾಕ್ಟರು, ರಾತ್ರಿ ಏನೂ ತೊಂದರೆಯಾಗಿಲ್ಲ ಅಂದರು.

ಮಗು ಉಳಿಯಿತು. ಮೈಯೂ ಬೆಚ್ಚಗಾಯಿತು. ಕೊಳವೆ ತೆಗೆದ ಮೇಲಾದರೂ ಅಳುತ್ತಾನೆ ಅಂತ ಕಾದೆವು, ಅಳಲಿಲ್ಲ. ಸವಿತಾ ಹೊಲಿಗೆ ಬಿಚ್ಚಿಸಿಕೊಂಡು ಮಂಡ್ಯಕ್ಕೆ ಬಂದಾಗ ಮೊದಲ ಸಲ ಅವನನ್ನು ಅವಳ ಮಡಿಲಿಗೆ ಹಾಕಿದರು. ಬಹಳ ಹೊತ್ತು ಮುಖ ನೋಡಿದಳು. ಎದೆಗವಚಿಕೊಂಡು ಮುದ್ದಿಟ್ಟಳು. ಆಮೇಲೆ ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದಳು.

"ಇವನೂ ನನ್ ಮಗನೇ. ಆದ್ರೆ ಅವತ್ತು ಅತ್ತೋನು ಇವನಲ್ಲ ಕಣಕ್ಕ."

ಹಸಿ ಬಾಣಂತಿ, ನಿದ್ದೆಗೆಟ್ಟು ಏನೋ ಅನ್ನುತ್ತಾಳೆ ಅಂದುಕೊಂಡೆ.

ಈಗ ಅವನಿಗೆ ಎರಡು ವರ್ಷ ತುಂಬಿದೆ. ಕತ್ತು ನಿಲ್ಲುವುದಿಲ್ಲ. ಕರೆದರೆ ತಿರುಗುವುದಿಲ್ಲ, ಕಣ್ಣ ಮುಂದೆ ಏನು ಆಡಿಸಿದರೂ ನೋಡುವುದಿಲ್ಲ. ನಮ್ಮ ಜಿಲ್ಲೆಯದೇ ಕೊಪ್ಪದಲ್ಲಿರುವ ಗಂಡನ ಮನೆಯಿಂದ ಸವಿತಾ ಅವನನ್ನು ಹೆಗಲಿಗೆ ಹಾಕಿಕೊಂಡು, ಕೈಕಾಲಿನ ವ್ಯಾಯಾಮಕ್ಕೆ ಬಸ್ಸಿನಲ್ಲಿ ಮಂಡ್ಯಕ್ಕೆ ಬರುತ್ತಾಳೆ. ಒಂದು ದಿನವೂ ಬೇಸರಪಟ್ಟವಳಲ್ಲ, ಅವನ ಮೇಲೆ ಪ್ರಾಣವನ್ನೇ ಇಟ್ಟುಕೊಂಡಿದ್ದಾಳೆ.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಕತ್ತಲಾಗಿತ್ತು. ಅವನಿಗೆ ಗಂಜಿ ಕುಡಿಸುತ್ತಿದ್ದವಳು ತಟ್ಟನೆ ಕೈ ನಿಲ್ಲಿಸಿ, ಬಾಗಿಲ ಕಡೆ ಕಿವಿಗೊಟ್ಟು ಒಬ್ಬಳೇ ನಕ್ಕಳು. ಇನ್ನೂ ಕೇಳಿಸುತ್ತದಾ ಅಂತ ಕೇಳಿಬಿಟ್ಟೆ. ಕೇಳಬಾರದಿತ್ತು.

"ಕೇಳ್ತದೆ ಅಕ್ಕ. ಈಗ ಅಳಾಕಿಲ್ಲ. ಜಗಲಿ ಮ್ಯಾಲೆ ಓಡಾಡ್ತಾನೆ."

ನನಗೇನೂ ಕೇಳಲಿಲ್ಲ. ಆದರೆ ಅವಳ ಮಡಿಲಲ್ಲಿದ್ದ ಮಗುವಿನ ಕಣ್ಣು... ಯಾವುದನ್ನೂ ನೋಡದ ಆ ಕಣ್ಣು, ನನ್ನ ಬೆನ್ನ ಹಿಂದಿನ ಜಗಲಿಯ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ, ನಿಧಾನವಾಗಿ ಹೋಗಿ ಬರುತ್ತಿತ್ತು.

ನಾನು ತಿರುಗಿ ನೋಡಲಿಲ್ಲ.