ಒಂಬತ್ತು ಹಿಡಿ ನಮೂನೆ

ಸರಕೆಂದು ತೂಗಿ ನೋಡಿದರೆ ಶರಯೂ ಘೋಲಪಳನ್ನು ಯಾವ ವ್ಯಾಪಾರಿಯೂ ಮೊದಲ ಸಾಲಿನಲ್ಲಿ ಇಡುತ್ತಿರಲಿಲ್ಲ. ಮೂವತ್ತಾರರ ವಯಸ್ಸು, ತೆಳ್ಳಗಿನ ಮೈ, ಒಂದು ಕಡ್ಡಿಗೆ ದಾರ ಸುತ್ತಿದ ಕನ್ನಡಕ. ಕರೆದರೆ ಮೊದಲ ಸಲಕ್ಕೆ ಓಗೊಡುವವಳಲ್ಲ. ಎರಡನೆಯ ಸಲಕ್ಕೆ, ದೂರದ ಊರಿನಿಂದ ಆಗಷ್ಟೇ ಬಸ್ಸಿಳಿದವಳ ಹಾಗೆ ತಿರುಗಿ ನೋಡುತ್ತಾಳೆ. ಆದರೆ ಹೊರಗಿನ ಬಣ್ಣ ನೋಡಿ ಅರಿಶಿನ ಕೊಳ್ಳುವವನು ಸಾಂಗಲಿಯ ಪೇಟೆಯಲ್ಲಿ ಎರಡನೆಯ ಹಂಗಾಮು ಕಾಣುವುದಿಲ್ಲ. ಕೊಂಬನ್ನು ಮುರಿಯಬೇಕು, ಮುರಿಯುವ ಸದ್ದಿಗೆ ಕಿವಿ ಕೊಡಬೇಕು, ಒಳಗಿನ ಕೆಂಪು ನೋಡಬೇಕು. ನಮ್ಮ ಅಡತಿ ಅಂಗಡಿಯಲ್ಲಿ ಹನ್ನೊಂದು ವರ್ಷ ಚೀಟಿ ಬರೆದ ಈ ಹೆಂಗಸಿನ ಒಳಗೇನಿದೆ ಎಂದು ನೋಡುವ ಬುದ್ಧಿ ಮಾತ್ರ ನನಗೆ ಬರಲಿಲ್ಲ.

ಅವಳ ಕೆಲಸ ದೊಡ್ಡದೇನಲ್ಲ. ಅಂಗಳದಲ್ಲಿ ಸುರಿದ ಪ್ರತಿ ರಾಶಿಗೂ ಒಂದು ಚೀಟಿ ಚುಚ್ಚಬೇಕು: ರೈತನ ಹೆಸರು, ಊರು, ಚೀಲ ಎಷ್ಟು. ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಧಾರಣೆ ಹೇಳುವ ಹರಾಜು, ನಮ್ಮ ಲಿಲಾವು, ಶುರುವಾಗುವ ಹೊತ್ತಿಗೆ ಅವಳು ಒಳಗೆ ಬಂದು ಪಾವತಿ ಬರೆಯಲು ಕೂರುತ್ತಿದ್ದಳು. ಒಂದು ದಿನ ಈರೋಡಿನಿಂದ ಬಂದ ಖರೀದಿದಾರನೊಬ್ಬ ಚೀಟಿ ಹಿಡಿದುಕೊಂಡು ನನ್ನ ಗಾದಿಯ ಹತ್ತಿರ ಬಂದ. ಅವನಿಗೆ ಮರಾಠಿ ಅರ್ಧಂಬರ್ಧ. ಚೀಟಿಯಲ್ಲಿ ರೈತನ ಹೆಸರಿನ ಕೆಳಗೆ, 'ಈ ರಾಶಿಯ ಮೇಲೆ ಬಿಸಿಲು ಮಲಗಿದೆ, ಮೆಲ್ಲಗೆ ಮುಟ್ಟಿ' ಎಂದಿತ್ತು. ಇದು ಯಾವ ಹೊಸ ತಳಿ ಎಂದು ಅವನು ಕೇಳಿದ. ನಾನು ಬೈದೆ. ಅವಳು ತಲೆ ತಗ್ಗಿಸಿದಳು. ತಗ್ಗಿಸಿದ ತಲೆ ನೆಲದ ಮೇಲಿನ ಹಳದಿ ಹೆಜ್ಜೆಗಳನ್ನು ನೋಡುತ್ತ ಮತ್ತೆ ಎಲ್ಲಿಗೋ ಹೋಗಿಬಿಟ್ಟಿತು.

ಕೊಂಬು ಆರಿಸುವ ಹೆಂಗಸರ ಮುಖಂಡಳು ಮಾಲನ್ ಮಾವಶಿ. ಅರವತ್ತರ ಮೇಲಿನ ವಯಸ್ಸು, ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ.

"ಏನ ಶರಯೂಬಾಯಿ, ತಲಿ ಮನ್ಯಾಗ ಬಿಟ್ಟು ಬಂದಿಯೇನು? ನಾಳಿಂದ ಅದನ್ನೂ ಡಬ್ಬಿ ಜೋಡಿ ಕಟಗೊಂಡು ಬಾ" ಅನ್ನುತ್ತಿದ್ದಳು.

"ತಂದೀನಿ ಮಾವಶಿ. ಮುಚ್ಚಳ ಸಡಲ ಆಗೇತಿ, ಅಷ್ಟ."

ಮಾವಶಿಯ ಮಗಳು ಕೋಮಲ್ ಕಾಲೇಜಿಗೆ ಹೋಗುವವಳು. ಚೀಟಿಯ ಮೇಲೆ ಬರೆದು ಬೈಸಿಕೊಳ್ಳುವ ಬದಲು ಫೋನಿನಲ್ಲಿ ಬರೆಯಿರಿ ಎಂದು ಶರಯೂಗೆ ಒಂದು ಬ್ಲಾಗು ತೆರೆದುಕೊಟ್ಟವಳು ಅವಳೇ. ಅದಕ್ಕೆ ಶರಯೂ 'ಹಳದಿ ಧೂಳು' ಎಂದು ಹೆಸರಿಟ್ಟಳು.

ಬರೆಯುವುದು ಮಧ್ಯಾಹ್ನ. ಲಿಲಾವು ಮುಗಿದು, ಹಮಾಲರು ಚೀಲಗಳಿಗೆ ಒರಗಿ ಖಾರದ ಚುರುಮುರಿ ಭಡಂಗ ಮೆಲ್ಲುವ ಹೊತ್ತು. ಜಂತಿಯ ಸಂದಿಯಿಂದ ಇಳಿದ ಬಿಸಿಲಿನ ಕೋಲುಗಳಲ್ಲಿ ಅರಿಶಿನದ ಧೂಳು ಏಳುವುದೂ ಇಲ್ಲ, ಇಳಿಯುವುದೂ ಇಲ್ಲ. ನೀರಿನೊಳಗೆ ನಿಂತ ಹಾಗೆ ನಿಂತಿರುತ್ತದೆ. ಅವಳು ಖಾಲಿ ಚೀಲದ ಮೇಲೆ ಕೂತು ಅದನ್ನೇ ನೋಡುತ್ತಿದ್ದರೆ ಕೃಷ್ಣೆಯ ಸದ್ದು ಪೇಟೆಯವರೆಗೂ ಬಂದಂತಾಗುತ್ತಿತ್ತು, ಹಾಗೆ ಬರುವುದು ಸಾಧ್ಯವಿಲ್ಲ ಎಂದು ಗೊತ್ತಿದ್ದರೂ. ಮಾಲನ್ ಮಾವಶಿ ರಾಶಿಗೆ ಬೆನ್ನು ಕೊಟ್ಟು ನಿದ್ದೆ ಹೋಗಿರುತ್ತಿದ್ದಳು. ಅವಳ ಕನಸಿನಲ್ಲಿ ಏನಿದ್ದೀತು? ಶರಯೂ ಊಹಿಸಿ ಬರೆದಳು: ಹಳದಿ ಸೀರೆಯುಟ್ಟ ನದಿಯೊಂದು ಮಾವಶಿಯ ಬಾಗಿಲಿಗೆ ಬಂದು, ಸ್ವಲ್ಪ ಕೂತು ಹೋಗ್ತೀನಿ ಅನ್ನುತ್ತದೆ. ಮಾವಶಿ ಕಾಲು ತೊಳೆದು ಬಾ ಅನ್ನುತ್ತಾಳೆ.

ಓದುವವರು ಏಳು ಜನ. ಅವರಲ್ಲಿ ಕೊಲ್ಹಾಪುರದ ಒಬ್ಬಾತ ಪ್ರತಿ ಬರಹದ ಕೆಳಗೂ 'ಓದಿದೆ' ಎಂದಷ್ಟೇ ಬರೆಯುತ್ತಿದ್ದ.

ಏಳು ಜನಕ್ಕೆ ಬರೆದು ಮನೆ ನಡೆಯುವುದಿಲ್ಲವಲ್ಲ. ಅವಳ ಭಾವ, ಗಂಡನ ಅಣ್ಣ, ಸಕ್ಕರೆ ಕಾರ್ಖಾನೆಯಲ್ಲಿ ಅವಳಿಗೊಂದು ಕಾಯಂ ಕೆಲಸ ನೋಡಿದ್ದ. ಹೋಗಿಬರುವುದೂ ಸೇರಿ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟು. ಅಲ್ಲಿಗೆ ಸೇರಿದರೆ ಮಧ್ಯಾಹ್ನವೇ ಇಲ್ಲ, ಬರಹವೂ ಇಲ್ಲ. ಟೆಂಪೋ ಓಡಿಸುವ ಗಂಡ ಬಾಳು ಮೆತ್ತಗಿನ ಮನುಷ್ಯ.

"ಅಕ್ಷಯ ತೃತೀಯಾ ಮಟಾ ನೋಡು," ಅಂದ. "ನಿನ್ನ ಹೆಸರ ಹಾಕಿ ಯಾರರ ಬರಸಕೊಂಡ್ರ ಅಣ್ಣಗ ನಾ ಇಲ್ಲ ಅಂತೀನಿ. ಇಲ್ಲಾಂದ್ರ ನೀನ ಹೂಂ ಅನ್ನು."

ಕಾರ್ತಿಕ ಕಳೆದಿತ್ತು. ಅವಳು ಕಂಡ ಕಂಡ ಜಾಲತಾಣಗಳಿಗೆಲ್ಲ ಬರೆದಳು. ಹನ್ನೆರಡು ಕಡೆಯಿಂದ ಉತ್ತರವಿಲ್ಲ. ಹದಿಮೂರನೆಯದು ಪುಣೆಯದು, ಮನೆ ಅಡುಗೆ ಅಜ್ಜಿಮದ್ದು ಅಂತೆಲ್ಲ ಹಾಕುವ ತಾಣ. 'ನಿಮ್ಮ ಶೈಲಿ ಹಿಡಿಸಿತು, ಒಂದು ನಮೂನೆ ಕಳಿಸಿ' ಎಂದಿತು. ಕಳಿಸಿದಳು. 'ಚೆನ್ನಾಗಿದೆ, ಇನ್ನೊಂದು ನಮೂನೆ ಸಿಕ್ಕರೆ ನಿರ್ಧರಿಸಲು ಸುಲಭ' ಎಂದಿತು. ಅದನ್ನೂ ಕಳಿಸಿದಳು. ಮೂರನೆಯದು ಕೇಳಿದಾಗ ನನ್ನ ಗಾದಿಯ ಹತ್ತಿರ ಬಂದು ನಿಂತಳು.

"ಶೇಠ್, ನಮೂನಿ ಎಷ್ಟ ಸಲ ಕೊಡಬೇಕ್ರಿ?"

ನಾನು ಪೇಟೆಯ ರಿವಾಜು ಹೇಳಿದೆ. "ನಮೂನಿ ಕೇಳಿದವಗ ಇಲ್ಲ ಅನಬಾರದು. ಹಿಡಿ ಅರಿಶಿನಕ್ಕ ಯಾರೂ ರೊಕ್ಕ ಕೇಳೂದಿಲ್ಲ, ತಿರುಗಿ ಕೊಡು ಅನ್ನೂದೂ ಇಲ್ಲ. ಇಲ್ಲ ಅಂದ್ರ ರಾಶಿ ಒಳಗ ಹುಳಾ ಅದಾವ ಅಂತ ತಿಳಕೊತಾರ."

ಅವಳಿಗೆ ಅಷ್ಟು ಸಾಕಾಯಿತು. ತನ್ನ ರಾಶಿಯಲ್ಲಿ ಹುಳುವಿಲ್ಲ ಎಂದು ಅವಳಿಗೆ ಗೊತ್ತಿತ್ತು. ಚೈತ್ರದ ಹೊತ್ತಿಗೆ ಒಂಬತ್ತು ನಮೂನೆ ಹೋಗಿದ್ದವು. ಒಂದೊಂದನ್ನು ಕಳಿಸಿದ ದಿನವೂ ಅವಳು ನಡೆಯುತ್ತಿದ್ದುದು ನೆಲದಿಂದ ಒಂದು ಬೆರಳು ಮೇಲೆ. ದೂರದ ಯಾವುದೋ ಅಡುಗೆಮನೆಯಲ್ಲಿ ಯಾರೋ ಒಗ್ಗರಣೆ ಮರೆತು ತನ್ನ ಹೆಸರು ಓದುತ್ತಿದ್ದಾರೆ ಎಂಬ ಚಿತ್ರ ಕಣ್ಣಮುಂದೆ. ಆ ಚಿತ್ರದಲ್ಲೇ ಮುಳುಗಿದವಳಿಗೆ ತಾಣ ತೆರೆದು ನೋಡುವುದು ಹೊಳೆಯಲೇ ಇಲ್ಲ. ಚೀಟಿಗಳಲ್ಲಿ ಊರಿನ ಹೆಸರುಗಳು ತಪ್ಪತೊಡಗಿದವು. ಬೈಯಲಿಲ್ಲ ನಾನು; ಬೈದರೂ ಅವಳಿಗೆ ಕೇಳುತ್ತಿರಲಿಲ್ಲ.

ಅಕ್ಷಯ ತೃತೀಯಾಕ್ಕೆ ಹತ್ತೊಂಬತ್ತು ದಿನ ಇರುವಾಗ ಕೋಮಲ್ ಫೋನು ಹಿಡಿದು ಅಂಗಳಕ್ಕೆ ಬಂದಳು. ಹೆಂಗಸರೆಲ್ಲ ಮೊರ ಕೆಳಗಿಟ್ಟು ಕೇಳಿದರು. ಪುಣೆಯ ತಾಣದಲ್ಲಿ ಬಂದ ಬರಹವನ್ನು ಅವಳು ಗಟ್ಟಿಯಾಗಿ ಓದಿದಳು: ಅರಿಶಿನದ ರಾಶಿಗೆ ಒರಗಿ ಮಲಗುವ ಅಜ್ಜಿ, ಬಾಗಿಲಿಗೆ ಬಂದ ನದಿ, ಕಾಲು ತೊಳೆದು ಬಾ ಎಂಬ ಮಾತು. ಅದೇ ಕತೆಯನ್ನು ಶರಯೂ ಹಿಗ್ಗಿಸಿ ನಮೂನೆಯಾಗಿ ಕಳಿಸಿದ್ದಳು. ಕೆಳಗೆ 'ಸಂಪಾದಕ ಬಳಗ, ಪುಣೆ' ಎಂದಿತ್ತು. ಮೇಲೆ 'ನಮ್ಮ ಪುಣೆಯ ಅಜ್ಜಿಯ ನೆನಪು'.

ಮಾಲನ್ ಮಾವಶಿ ಕೊಂಬಿನ ತುಂಡೊಂದನ್ನು ಬಾಯಿಂದ ತೆಗೆದಳು.

"ನಾ ಯಾವಾಗ ಪುಣೆಕ ಹೋದ್ನೇ? ಹೋಗಿ ಅಜ್ಜಿ ಬ್ಯಾರೆ ಆದ್ನೇ?"

ಹೆಂಗಸರು ನಕ್ಕರು. ಶರಯೂ ನಗಲಿಲ್ಲ. ಫೋನು ಇಸಿದುಕೊಂಡು ಬೆರಳಾಡಿಸಿದಳು. ಒಂಬತ್ತೂ ಅಲ್ಲಿದ್ದವು. ಒಂದರ ಕೆಳಗೂ ಅವಳ ಹೆಸರಿಲ್ಲ.

ಅಲ್ಲೇ ನಿಂತು ಆ ತಾಣಕ್ಕೆ ಫೋನು ಮಾಡಿದಳು. ಆ ಕಡೆಯ ದನಿ ಬಹಳ ಸಭ್ಯವಾಗಿತ್ತು. "ನೀವ ನಮೂನಿ ಅಂತ ಕಳಿಸೀರಲ್ರಿ ತಾಯಿ? ನಮೂನಿಗೆ ಹೆಸರ ಹಾಕೂ ಪದ್ಧತಿ ಇಲ್ರಿ."

ಅವಳು ಫೋನು ಇಟ್ಟಳು. ಕಣ್ಣಲ್ಲಿ ನೀರು ಬಂದದ್ದು ಸಿಟ್ಟಿಗಲ್ಲ. ಅವರು ಹೇಳಿದ್ದು ಸರಿ ಅನ್ನಿಸಿದ್ದಕ್ಕೆ. "ರಿವಾಜೇ ಹಂಗ ಐತಿ ಮಾವಶಿ. ಹಿಡಿ ಕೊಟ್ಟಮ್ಯಾಲ ಅದು ನಮ್ಮದಲ್ಲ," ಅಂದಳು.

"ಯಾರಂದ್ರು?"

"ಶೇಠ್ ಅಂದ್ರು."

ಮಾಲನ್ ಮಾವಶಿ ನನ್ನ ಕಡೆ ಒಂದು ನೋಟ ಬೀರಿದಳು. ಆ ನೋಟಕ್ಕೆ ಬೆಲೆ ಕಟ್ಟಲು ನನಗೆ ಈಗಲೂ ಧೈರ್ಯವಿಲ್ಲ.

"ಶೇಠ್ ಗಾದಿ ಮ್ಯಾಲ ಕುಂತಾವ್ರು. ರಾಶಿ ಕಾಯಾವ್ರು ನಾವು. ಮೊದಲ್ನೇ ಹಿಡಿ ನೋಡಾಕ, ಖರೆ. ಎರಡ್ನೇ ಹಿಡಿಗೆ ಕೈ ಹಾಕಿದ್ರ ಅದ ಕೈ ವಸ್ತ್ರದ ಕೆಳಗ ಬರಬೇಕು, ಬೆರಳ ಹಿಡದು ಧಾರಣಿ ಹೇಳಬೇಕು. ಹೇಳಲಾರದ ಹಿಡಿ ಹಿಡಿ ಒಯ್ಯಾವಗ ನಾವು ಖರೀದಿದಾರ ಅನ್ನೂದಿಲ್ಲ. ಮಣಿಕಟ್ಟ ಹಿಡದು ನಿಂದ್ರಸ್ತೀವಿ. ಹನ್ನೊಂದ ವರ್ಷ ಚೀಟಿ ಬರದಿ, ಒಂದಿನಾನೂ ಲಿಲಾವಿನಾಗ ರಾಶಿ ಮುಂದ ನಿಂತಿಲ್ಲ ನೀ."

ಅದು ನಿಜ. ಅರ್ಧ ರಿವಾಜು ಗೊತ್ತಿದ್ದವಳಿಗೆ ನಾನು ಅದೇ ಅರ್ಧವನ್ನು ಇನ್ನೊಮ್ಮೆ ಹೇಳಿದ್ದೆ.

ಮರುದಿನ ಮಧ್ಯಾಹ್ನ ಅವಳು ಚೀಲದ ಮೇಲೆ ಕೂತು 'ಹಳದಿ ಧೂಳಿ'ನಲ್ಲಿ ಬರೆದಳು. ಜಗಳವಿಲ್ಲ, ಶಾಪವಿಲ್ಲ. ಹಿಡಿ ಹಿಡಿಯಾಗಿ ರಾಶಿಯೊಂದು ಸವೆದು, ಕೊನೆಗೆ ನೆಲದ ಮೇಲೆ ರಾಶಿಯ ಆಕಾರದ ಬೆಳಕಷ್ಟೇ ಉಳಿಯುತ್ತದೆ. ರಾಶಿಯ ಒಡತಿ ಆ ಬೆಳಕನ್ನು ಕೊಂಬಿನಂತೆ ಆಯುತ್ತ ಕೂರುತ್ತಾಳೆ. ಅದರ ಕೆಳಗೆ ಒಂಬತ್ತೂ ಬರಹಗಳ ಮೊದಲ ಸಾಲು, ಕಳಿಸಿದ ತಾರೀಖು, ತನ್ನ ಪೂರ್ತಿ ಹೆಸರು. ಆ ದಿನ ಅವಳು ಎಷ್ಟು ಹೊತ್ತು ಅಲ್ಲಿದ್ದಳೆಂದರೆ, ಎದ್ದಾಗ ಬಿಸಿಲಿನ ಕೋಲು ಒಂದು ಗೋಡೆಯಿಂದ ಇನ್ನೊಂದಕ್ಕೆ ದಾಟಿತ್ತು.

ಪುಣೆಯಿಂದ ಏನೂ ಬರಲಿಲ್ಲ. ಆರನೆಯ ದಿನ ಕೊಲ್ಹಾಪುರದ 'ಓದಿದೆ' ಎಂಬಾತ ಫೋನು ಮಾಡಿದ. ಅವನದು ಸಣ್ಣ ವಾರಪತ್ರಿಕೆ, ನಾಲ್ಕು ತಾಲೂಕಿಗೆ ಹೋಗುವಂಥದ್ದು. ವಾರಕ್ಕೊಂದು ಅಂಕಣ ಬೇಕಿತ್ತು. "ಶುರು ಮಾಡೂಕಿನ್ನ ಮೊದಲ ಒಂದ ನಮೂನಿ ಕಳಸ್ತೀರೇನ್ರಿ?" ಎಂದು ಕೇಳಿದ.

ಅಕ್ಷಯ ತೃತೀಯಾಕ್ಕೆ ಇನ್ನು ಹನ್ನೆರಡು ದಿನ. ಶರಯೂ ಒಂದು ಕ್ಷಣ ಎಲ್ಲಿಗೋ ಹೋಗಿ ಬಂದಳು. ಆಮೇಲೆ ಎಂದಿನ ಮೆಲುದನಿಯಲ್ಲೇ ಹೇಳಿದಳು:

"ನಮೂನಿ ಎರಡ ವರ್ಷದಿಂದ ಓದಾಕತ್ತೀರಲ್ರಿ ಸಾಹೇಬ್ರ. ಇನ್ನ ರಾಶಿ ಬೇಕಂದ್ರ ಕೈ ಕೊಡ್ರಿ. ಹೆಸರ ಹಾಕತೀನಂತ ಮೊದಲ ಬರದ ಕಳಸ್ರಿ, ಆಮ್ಯಾಲ ನಾ ಬರೀತೀನಿ."

ಮಾಲನ್ ಮಾವಶಿಯ ಕೈಯ ಮೊರ ಅರ್ಧಕ್ಕೇ ನಿಂತಿತ್ತು. ಆ ಕಡೆ ಆತ ನಕ್ಕು, "ಸಂಜಿಕ ಕಳಸ್ತೀನ್ರಿ," ಅಂದ. ಕಳಿಸಿದ.

ಬಾಳು ತನ್ನ ಅಣ್ಣನಿಗೆ ಇಲ್ಲ ಅಂದ. ಅಂಕಣ ಪ್ರತಿ ಗುರುವಾರ ಬರುತ್ತದೆ, ತಲೆಯ ಮೇಲೆ ಅವಳ ಹೆಸರು. ಅದೊಂದರಿಂದ ಸಂಸಾರ ನಡೆಯುವುದಿಲ್ಲವಾದ್ದರಿಂದ ಅವಳು ಇನ್ನೂ ನಮ್ಮಲ್ಲಿ ಚೀಟಿ ಬರೆಯುತ್ತಾಳೆ, ಊರಿನ ಹೆಸರು ಇನ್ನೂ ತಪ್ಪುತ್ತದೆ. ಪುಣೆಯ ಆ ಒಂಬತ್ತು ಬರಹಗಳು ಈಗಲೂ ಅವಳ ಹೆಸರಿಲ್ಲದೆ ಅಲ್ಲೇ ಇವೆ. ಅವುಗಳಲ್ಲಿ ಏಳು ಹೋದದ್ದು ನಾನು ಹೇಳಿದ ಮಾತು ನಂಬಿ. ಅದಕ್ಕಾಗಿ ಅವಳಲ್ಲಿ ನಾನು ಕ್ಷಮೆ ಕೇಳಬೇಕು, ಇನ್ನೂ ಕೇಳಿಲ್ಲ.