ನೋಡದೆಯೇ ‘ನೋಡಿದೆ’ ಎಂದ ಫೋನು

ಗೋಣಿಬೀಡಿನ ಹತ್ತಿರದ ಕಾಫಿ ಎಸ್ಟೇಟೊಂದರ ಕೂಲಿ ಲೈನು, ಕೆಲಸದವರ ಸಾಲುಮನೆಗಳು. ಒಲೆಗಳು ಈಗಷ್ಟೇ ಹೊತ್ತಿಕೊಳ್ಳುತ್ತಿವೆ. ಕೊನೆಯ ಮನೆಯ ಕಿಟಕಿಯ ಬಳಿ ರೇವತಿ ಕಂಬಳಿ ಹೊದ್ದು ಕುಳಿತಿದ್ದಾರೆ. ಎದುರಿನ ಬೆಂಚಿನ ಮೇಲೆ ಐದಾರು ಹಳೆಯ ಫೋನುಗಳು ವೈರು ಕಚ್ಚಿಕೊಂಡು ಮಲಗಿವೆ. ಯಾರೂ ಮುಟ್ಟುತ್ತಿಲ್ಲ, ಆದರೂ ಪರದೆಗಳು ತಾವಾಗಿಯೇ ತೆರೆದುಕೊಳ್ಳುತ್ತವೆ, ಅಕ್ಷರ ಮೂಡುತ್ತದೆ, ಗುಂಡಿ ಒತ್ತಿಕೊಳ್ಳುತ್ತದೆ. ಇದೆಂಥದೋ ಭೂತಚೇಷ್ಟೆ ಎಂದುಕೊಂಡ ಪಕ್ಕದ ಮನೆಯ ಸಿದ್ದಮ್ಮ ಸುಮಾರು ದಿನ ಈ ಕಡೆ ತಲೆಯನ್ನೇ ಹಾಕಿರಲಿಲ್ಲವಂತೆ.

ಭೂತವಲ್ಲ, ಎಐ ಸಹಾಯಕ. ಮೊಬೈಲ್ ಆ್ಯಪ್ ಜನರ ಕೈಗೆ ಹೋಗುವ ಮುಂಚೆ ಅದರಲ್ಲಿ ಹುಳುಕಿದೆಯೇ ಎಂದು ನೋಡುವುದು ರೇವತಿಯವರ ಕೆಲಸ. ಚಿಕ್ಕಮಗಳೂರಿನ ಸಣ್ಣ ಕಂಪನಿಯೊಂದು ಮಾಡಿದ ಆ್ಯಪ್ ಇದು. ತೋಟಕ್ಕೆ ಆನೆ ನುಗ್ಗಿದರೆ ಕೆಲಸದವರ ಫೋನಿನಲ್ಲಿ ಸೈರನ್ ಕೂಗುತ್ತದೆ. ಕೇಳಿಸಿಕೊಂಡವರು ‘ನೋಡಿದೆ’ ಎಂಬ ಗುಂಡಿ ಒತ್ತಬೇಕು. ಒತ್ತದವರಿಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ತಾವೇ ಫೋನ್ ಮಾಡಿ ಎಚ್ಚರಿಸುತ್ತಾರೆ.

ಮೂಡಿಗೆರೆಯಲ್ಲಿ ಡಿಗ್ರಿ ಮುಗಿಸಿದ ಮೇಲೆ ರೇವತಿ ಈ ಕೆಲಸ ಹಿಡಿದರು. ಮೊದಲೆಲ್ಲ ಪ್ರತಿ ಗುಂಡಿಯನ್ನೂ ಕೈಯಾರೆ ಒತ್ತಬೇಕಿತ್ತು. ಕರೆಂಟು ಹೋದರೆ, ಸಿಗ್ನಲ್ ಸತ್ತರೆ ಮತ್ತೆ ಮೊದಲಿಂದ. “ಬೆರಳು ಮರಗಟ್ಟಿ ಹೋಗ್ತಿತ್ತು. ಈಗ ಏನೇನು ನೋಡ್ಬೇಕು ಅಂತ ಕನ್ನಡದಲ್ಲೇ ಬರೆದುಕೊಟ್ರೆ ಅದೇ ಮಾಡುತ್ತೆ. ನನಗೆ ಒಂದು ದಿನ ಹಿಡೀತಿದ್ದ ಕೆಲಸ, ಅನ್ನ ಬೇಯೋದ್ರೊಳಗೆ ಮುಗಿಸುತ್ತೆ” ಎನ್ನುತ್ತಾರೆ.

ಹಾಗೆ ಬರೆದುಕೊಟ್ಟದ್ದರಲ್ಲಿ ಒಂದು ಸಾಲಿತ್ತು: ನಡುವೆ ಪರದೆಯ ಮೇಲೆ ಯಾವ ಕಿಟಕಿ ಅಡ್ಡ ಬಂದರೂ ಗುಂಡಿ ಒತ್ತಿ ಮುಂದೆ ಹೋಗು. ಜಾಹೀರಾತು, ಅಪ್‌ಡೇಟು, ಅದೂ ಇದೂ ಬಂದು ಪರೀಕ್ಷೆ ಅರ್ಧಕ್ಕೆ ನಿಲ್ಲುತ್ತಿತ್ತು. ಅದಕ್ಕಾಗಿ ಬರೆದ ಸಾಲು ಅದು. ಯಾರಾದರೂ ಬರೆಯುತ್ತಿದ್ದರು ಬಿಡಿ.

ಬೆಂಚಿನ ಮೇಲಿನ ಫೋನುಗಳಲ್ಲಿ ಆಗ ಅಮ್ಮನದೂ ಒಂದಿರುತ್ತಿತ್ತು. ಅಮ್ಮ ಮುತ್ತಮ್ಮ ಅದೇ ಎಸ್ಟೇಟಿನ ಕಾಫಿ ಒಣಗಿಸುವ ಕಣದಲ್ಲಿ ಕೆಲಸ ಮಾಡುವವರು. ತೋಟದವರೆಲ್ಲರ ಕೈಯಲ್ಲಿರುವುದು ಅಂಥದೇ ಅಗ್ಗದ ಫೋನು. ಅದರಲ್ಲಿ ಸರಿಯಾಗಿ ನಡೆದರೆ ಎಲ್ಲರದರಲ್ಲೂ ನಡೆದಂತೆ ಎಂಬುದು ಮಗಳ ಲೆಕ್ಕಾಚಾರ. ಹೇಗೂ ಚಾರ್ಜಿಗೆ ಹಾಕಿದ ಫೋನು, ಬೆಳಿಗ್ಗೆ ಅಮ್ಮ ಕೆಲಸಕ್ಕೆ ಹೊರಡುವವರೆಗೆ ಪರೀಕ್ಷೆಗೂ ಆಗುತ್ತಿತ್ತು. ಪರೀಕ್ಷೆಗೆ ಹಾಕಿದ್ದು ತೋಟದವರು ಆಗಲೇ ಬಳಸುತ್ತಿದ್ದ ಆ್ಯಪಿನ ಹೊಸ ರೂಪವಾದರೂ ಅದರೊಳಗಿದ್ದ ಮುತ್ತಮ್ಮನ ಹೆಸರು ಮಾತ್ರ ನಿಜವಾದದ್ದೇ, ಹಾಗಾಗಿ ತೋಟದ ನಿಜವಾದ ಎಚ್ಚರಿಕೆಗಳೂ ಅದಕ್ಕೇ ಬರುತ್ತಿದ್ದವು.

ಕಳೆದ ಕೊಯ್ಲಿನ ಒಂದು ಮುಂಜಾನೆ ಆ ಫೋನಿಗೆ ನಿಜವಾದ ಎಚ್ಚರಿಕೆಯೇ ಬಂತು. ಸೈರನ್ ಒಂದು ಗಳಿಗೆ ಕೂಗಿ ಸುಮ್ಮನಾಯಿತು. ದಿನಾ ಬೆಳಿಗ್ಗೆ ಪರೀಕ್ಷೆಯ ಸೈರನ್ ಕೂಗಿ ಕೂಗಿ ಸುಮ್ಮನಾಗುವ ಮನೆ ಅದು. ಮಗಳೂ ತಿರುಗಿ ನೋಡಲಿಲ್ಲ, ತಾಯಿಯೂ ನೋಡಲಿಲ್ಲ. ಕಿಟಕಿ ಅಡ್ಡ ಬಂತಲ್ಲ, ಎಐ ಸಹಾಯಕ ಹೇಳಿದ ಹಾಗೆ ‘ನೋಡಿದೆ’ ಒತ್ತಿ ಮುಂದೆ ಹೋಗಿತ್ತು. ಮುತ್ತಮ್ಮ ಫೋನನ್ನು ಚೀಲಕ್ಕೆ ಹಾಕಿಕೊಂಡು, ಕಾಫಿ ಬೀಜದ ಮೇಲಿನ ಟಾರ್ಪಾಲು ಸರಿಸಲೆಂದು ರೋಬಸ್ಟಾ ತೋಟದ ಒಳದಾರಿ ಹಿಡಿದರು.

ಎಲ್ಲವೂ ಪಾಸ್ ಎಂಬ ವರದಿ ರೇವತಿಯವರ ಕಂಪ್ಯೂಟರಿಗೆ ಬರುವುದಕ್ಕೂ ಸಿದ್ದಮ್ಮ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. “ಆನೆ ಕಣದ ಮೇಲ್ಗಡೆ ಇದ್ಯಂತೆ. ನಿಮ್ಮಮ್ಮ ಈಗ ಆ ಕಡೆನೇ ಹೋದ್ರಲ್ಲ ಮಾರಾಯ್ತಿ.”

ರೇವತಿ ಅಮ್ಮನಿಗೆ ಫೋನ್ ಹಚ್ಚಿದರು. ಆ ಇಳಿಜಾರಿನಲ್ಲಿ ಸಿಗ್ನಲ್ ಇಲ್ಲ. ರೈಟರ್ ಬಸವರಾಜು ಅವರ ಹತ್ತಿರ ಓಡಿದರೆ ಅವರು ತಮ್ಮ ಫೋನನ್ನೇ ತೋರಿಸಿದರು. “ಮುತ್ತಮ್ಮ ನೋಡಿದಾರೆ ಅಂತ ಬಂದಿತ್ತು ಕಣಮ್ಮ. ಅದಕ್ಕೇ ನಾನು ಅವ್ರಿಗೆ ಫೋನ್ ಮಾಡ್ಲಿಲ್ಲ.”

ಆ ಮಾತು ಕೇಳಿದ್ದೇ ರೇವತಿಗೆ ಎಲ್ಲ ಹೊಳೆದುಹೋಯಿತು. ಗುಂಡಿ ಒತ್ತಿದ್ದು ಅಮ್ಮನಲ್ಲ. ಒತ್ತು ಎಂದವರು ತಾವು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. “ಅಮ್ಮನ ಹಿಂದೆ ಓಡ್ಬೇಕು ಅನ್ನಿಸ್ತಿತ್ತು, ರೈಟರು ಕೈ ಹಿಡ್ಕೊಂಡು ಬಿಡ್ಲೇ ಇಲ್ಲ” ಎನ್ನುತ್ತಾರೆ.

ಮುತ್ತಮ್ಮ ಬದುಕಿದ್ದು ಪುಣ್ಯ. ಬೇರೆ ಮಾತಿಲ್ಲ. “ದಾರೀಲಿ ಬಂಡೆ ಇದ್ದಂಗಿತ್ತು. ಇಲ್ಲಿ ಬಂಡೆ ಎಲ್ಲಿಂದ ಬಂತು ಅನ್ಕೊಂಡೆ. ಅಷ್ಟರಲ್ಲಿ ಅದು ಕಿವಿ ಅಲ್ಲಾಡಿಸ್ತು” ಎನ್ನುತ್ತಾರೆ ಅವರು. ತೋಟದ ನೆರಳಿಗೆ ಬೆಳೆಸಿದ ಸಿಲ್ವರ್ ಮರವೊಂದರ ಹಿಂದೆ ಉಸಿರು ಬಿಗಿಹಿಡಿದು ನಿಂತರಂತೆ. ಆನೆ ತನ್ನ ಪಾಡಿಗೆ ಕಾಡಿನ ಕಡೆ ಇಳಿದುಹೋಯಿತಂತೆ.

ಅಂದೇ ರೇವತಿ, ಕಂಪನಿಯಲ್ಲಿ ತಮ್ಮ ಕೆಲಸ ನೋಡಿಕೊಳ್ಳುವ ತನ್ಮಯ್‌ಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕೆಲಸ ಹೋದರೆ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿಯೇ ಹೇಳಿದ್ದು. ಕೆಲಸವೇನೋ ಉಳಿಯಿತು. ಈಗ ಎಚ್ಚರಿಕೆಯ ಪರದೆಯನ್ನು ಎಐ ಸಹಾಯಕ ಮುಟ್ಟುವಂತಿಲ್ಲ, ಅದು ಬಂದ ಕೂಡಲೇ ನಿಂತು ರೇವತಿಯನ್ನು ಕೂಗಬೇಕು. ಪರೀಕ್ಷೆಯ ಫೋನುಗಳಲ್ಲಿ ಯಾವ ಜೀವಂತ ಮನುಷ್ಯರ ಹೆಸರೂ ಇರುವಂತಿಲ್ಲ. ಉಳಿದ ನೂರಾರು ಒತ್ತುವಿಕೆಗಳನ್ನು ಅದೇ ನೋಡಿಕೊಳ್ಳುತ್ತದೆ. “ಅದರದ್ದೇನು ತಪ್ಪು? ನಾನು ಹೇಳಿದ್ದನ್ನ ಚಾಚೂ ತಪ್ಪದೆ ಮಾಡ್ತು. ನಾನು ಏನು ಹೇಳ್ತಿದೀನಿ ಅನ್ನೋದು ನನಗೇ ಗೊತ್ತಿರ್ಲಿಲ್ಲ.”

ಇಷ್ಟಾದರೂ ಮುತ್ತಮ್ಮ ಮಗಳಿಗೆ ಒಂದು ಮಾತೂ ಬಯ್ಯಲಿಲ್ಲ. ಮರುದಿನ ಮುಂಜಾನೆ ರೇವತಿ ಎದ್ದು ನೋಡಿದರೆ ಅಮ್ಮ ತಮ್ಮ ಫೋನನ್ನು ತಾವೇ ತಂದು ಬೆಂಚಿನ ಮೇಲಿಟ್ಟು ವೈರು ಹುಡುಕುತ್ತಿದ್ದರು. “ನನ್ ಫೋನಲ್ಲೇ ನೋಡು ಮಗಾ. ತಪ್ಪಾಗೋದಿದ್ರೆ ಇದ್ರಲ್ಲೇ ಆಗ್ಲಿ. ಬೇರೆಯವ್ರ ಅಮ್ಮನ ಫೋನಲ್ಲಿ ಯಾಕೆ?”

ರೇವತಿ ಆ ಫೋನನ್ನು ಮತ್ತೆಂದೂ ಪರೀಕ್ಷೆಯ ವೈರಿಗೆ ಸಿಕ್ಕಿಸಿಲ್ಲ. ನಿಮಗೇನಾದರೂ ಆಸೆಯಿದೆಯೇ ಎಂದು ಕೇಳಿದರೆ ಹೀಗೆನ್ನುತ್ತಾರೆ.

“ಅಮ್ಮ ಒಂದೇ ಒಂದು ಸಲ ನನಗೆ ಬಯ್ದುಬಿಡ್ಲಿ. ಅಷ್ಟೇ.”