ಮಗನ ಕೇಸು ಮುಗಿಯುವವರೆಗೆ

ನಾನು ಸಮಿತಿಯ ಅಧ್ಯಕ್ಷನಾದಾಗ ನನಗೆ ಮೂವತ್ತೈದು ತುಂಬಿರಲಿಲ್ಲ. ಗೋಕಾಕದಲ್ಲಿ ಒಂದು ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ನಮ್ಮ ಕಚೇರಿ ಇತ್ತು. ದೇವರು, ಧರ್ಮದ ಕಾರಣಕ್ಕೆ ಕಿರುಕುಳಕ್ಕೆ ಸಿಕ್ಕವರು ಯಾರೇ ಬಂದರೂ ಫೀ ಇಲ್ಲದೆ ಅವರ ಪರವಾಗಿ ಕೋರ್ಟಿನಲ್ಲಿ ನಿಲ್ಲುವುದು ನಮ್ಮ ಕೆಲಸ. ನಾಲ್ಕು ಜನ ವಕೀಲರು ಮತ್ತು ಒಬ್ಬ ನಿವೃತ್ತ ಮಾಸ್ತರರು, ಇಷ್ಟೇ ಸಮಿತಿ. ಅದನ್ನು ಕಟ್ಟಿದವರು ಮೂಡಲಗಿ ಕಡೆಯ ಒಬ್ಬ ಹಿರಿಯ ವಕೀಲರು. ಕಣ್ಣು ಮಂಜಾಗಿ ಕಾಗದ ಓದಲಾಗದೆ ಹೋದಾಗ ಜವಾಬ್ದಾರಿಯನ್ನು ನನಗೆ ಒಪ್ಪಿಸಿದರು. ಕುರಿ ಕಾಯುವವರ ಮನೆಯಿಂದ ಬಂದು ಕರಿ ಕೋಟು ಹಾಕಿದವರಲ್ಲಿ ನಾನೇ ಮೊದಲಿಗ. ಹಿಗ್ಗಿನಿಂದ ಒಪ್ಪಿಕೊಂಡೆ.

"ಹಿಗ್ಗಬ್ಯಾಡಪಾ," ಎಂದರು ಅವರು. "ಮದಲ ಊರವರು ಬೈತಾರ. ಅದನ್ನ ತಡಕೋಬಹುದು. ಆಮ್ಯಾಲ ನಮ್ಮವರ ಬೈತಾರ. ಅದು ಕಠಿಣ ಐತಿ."

ನಾಗಪುರದಲ್ಲಿ ಲಕ್ಷಾಂತರ ದಲಿತರು ಬೌದ್ಧ ದೀಕ್ಷೆ ಪಡೆದ ಮೇಲಿನ ವರ್ಷಗಳವು. ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯಲ್ಲಿ (ಊರಿನ ಹೆಸರು ಬೇಡ, ಆ ಮನೆಗಳವರು ಇನ್ನೂ ಅಲ್ಲೇ ಇದ್ದಾರೆ) ಕೆಲವು ದಲಿತ ಕುಟುಂಬಗಳು ಬೌದ್ಧರಾದವು. ದೇವಿಯ ಮುಂದೆ ಹಲಗಿ ಬಾರಿಸುವುದಿಲ್ಲ, ಸತ್ತ ದನ ಎಳೆಯುವುದಿಲ್ಲ ಎಂದರು. ಕೇರಿಯ ಒಂದು ಗುಡಿಸಲಿನಲ್ಲಿ ಬುದ್ಧನ ಪಟ ಇಟ್ಟು ಸಂಜೆ ಕೂಡಿ ಕುಳಿತುಕೊಳ್ಳತೊಡಗಿದರು. ಊರಿನ ಹಿರಿಯರು ಅವರಿಗೆ ಕೂಲಿ ಕೊಡುವುದನ್ನು ನಿಲ್ಲಿಸಿದರು. ಗಿರಣಿಯವನು ಅವರ ಜೋಳ ಬೀಸಲಿಲ್ಲ. ಹೆಂಗಸರು ಹಿಟ್ಟಿಗಾಗಿ ಬುಟ್ಟಿ ಹೊತ್ತು ಯಮಕನಮರಡಿಯವರೆಗೆ ನಡೆದರು. ಕೊನೆಗೆ ಒಂದು ದಿನ ಕೆಲವರು ಗುಡಿಸಲಿಗೆ ನುಗ್ಗಿದರು, ಹೊಡೆದಾಟ ಆಯಿತು. ಕೇಸು ಬಿದ್ದದ್ದು ಮಾತ್ರ ಕೇರಿಯ ಮೂವರು ಹುಡುಗರ ಮೇಲೆ. ಜನರನ್ನು ಬಲವಂತದಿಂದ ಹೊಸ ಧರ್ಮಕ್ಕೆ ಎಳೆಯುತ್ತಾರೆ, ಕೇಳಲು ಹೋದ ಹಿರಿಯರನ್ನು ಹೊಡೆದರು ಎಂಬುದು ದೂರು.

ಆ ಮೂವರಿಗೆ ಮುಂದಾಳು ಇಪ್ಪತ್ತೆರಡರ ಒಬ್ಬ ತರುಣ. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದ. ಧರ್ಮ ಸ್ವಾತಂತ್ರ್ಯ ಕೊಡುವ ಸಂವಿಧಾನದ ಇಪ್ಪತ್ತೈದನೇ ಕಲಮನ್ನು ನನಗೇ ಬಾಯಿಪಾಠ ಒಪ್ಪಿಸಿದ. ಅವನ ಕೇಸನ್ನು ನಾನೇ ಕೈಗೆತ್ತಿಕೊಂಡೆ.

ಎರಡು ತಾರೀಖು ಆದ ಮೇಲೆ ಒಂದು ಮುಂಜಾನೆ ಮುದುಕಿಯೊಬ್ಬಳು ಮಾಳಿಗೆಯ ಮೆಟ್ಟಿಲು ಹತ್ತಿ ಬಂದಳು. ಆ ತರುಣನ ತಾಯಿ ತಾನೆಂದು ಹೇಳಿದಳು. ಮಗನ ಕೇಸಿನ ಸುದ್ದಿ ಕೇಳಲು ಬಂದಿದ್ದಾಳೆಂದುಕೊಂಡು ಕೂರಲು ಹೇಳಿದೆ. ಬೆಂಚಿನ ಮೇಲೆ ಕೂರದೆ ನೆಲಕ್ಕೇ ಕುಳಿತಳು.

"ಕೇಸಿನ ಸುದ್ದಿ ಬ್ಯಾಡ್ರಿ," ಎಂದಳು. "ನನ್ನ ದೇವಿ ಮಾರಿ ಕೊಡಸ್ರಿ."

ಅವಳ ಮನೆಯಲ್ಲಿ ತಲೆತಲಾಂತರದಿಂದ ಬಿದಿರ ಬುಟ್ಟಿಯಲ್ಲಿ ದೇವಿಯ ಹಿತ್ತಾಳೆ ಮುಖವೊಂದು, ಅವರ ಮಾತಿನಲ್ಲಿ ಮಾರಿ, ಇತ್ತಂತೆ. ಮಗ ಬೌದ್ಧನಾದ. ಇವಳು ಆಗಲಿಲ್ಲ. ಒಂದು ದಿನ ಅವಳು ಕಟ್ಟಿಗೆಗೆ ಹೋಗಿದ್ದಾಗ ಮಗ ಆ ಮುಖವನ್ನು ಒಯ್ದು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ್ದ.

"ಯಾರ ದೇವರನ್ನೂ ಯಾರೂ ಕಸಗೋಬಾರದು ಅಂತ ನೀವು ಕೇರಿಗೆ ಬಂದು ಭಾಷಣಾ ಮಾಡಿದ್ರಿ. ನಾ ಹಿಂದ ನಿಂತು ಕೇಳೇನಿ. ಅದನ್ನ ಒಂದು ಕಾಗದದ ಮ್ಯಾಲ ಬರದ ನನ್ನ ಮಗಗ ಕೊಡ್ರಿ. ನನ್ನ ಮಾತು ಕೇಳಂಗಿಲ್ಲ, ನಿಮ್ಮ ಮಾತು ಕೇಳತಾನ."

ನ್ಯಾಯ ಅವಳ ಕಡೆಗಿತ್ತು. ಅದು ನನಗೆ ಆ ಕ್ಷಣವೇ ಗೊತ್ತಾಗಿತ್ತು. ಆದರೆ ನಾನು ಅಂಥ ಕಾಗದ ಬರೆದು ಅದು ಎದುರು ಪಕ್ಷದ ಕೈಗೆ ಸಿಕ್ಕರೆ ಏನಾಗುತ್ತದೆಂಬುದೂ ಗೊತ್ತಿತ್ತು. ಬಲವಂತ ಮಾಡುತ್ತಾರೆಂಬ ದೂರಿಗೆ ನಮ್ಮ ಸಮಿತಿಯೇ ಸಾಕ್ಷಿ ಬರೆದುಕೊಟ್ಟ ಹಾಗೆ.

"ಅವ್ವಾ, ಮಗನ ಕೇಸು ಮುಗಿಯೂತನಕಾ ತಡಿ," ಎಂದೆ. "ಆಮ್ಯಾಲ ನಾನ ನಿಂತು ಕೊಡಸತೇನಿ."

"ಯಾವಾಗ ಮುಗೀತೈತ್ರಿ?"

"ತಾರೀಖಿನ ಮ್ಯಾಲ ತಾರೀಖು ಬೀಳತಾವು. ಹೇಳಾಕ ಬರಂಗಿಲ್ಲ."

"ದೇವಿಗೆ ತಾರೀಖು ತಿಳಿಯಂಗಿಲ್ರಿ, ಸಾಹೇಬ್ರ," ಎಂದು ಎದ್ದು ಹೋದಳು.

ಇನ್ನೆರಡು ಸಲ ಬಂದಳು. ಎರಡು ಸಲವೂ ಅದೇ ಮಾತು ಹೇಳಿ ಕಳಿಸಿದೆ. ಸಮಿತಿಯಲ್ಲಿ ವಿಷಯ ಎತ್ತಿದಾಗ ವಕೀಲರೆಲ್ಲ ನಾನು ಮಾಡಿದ್ದೇ ಸರಿ ಎಂದರು. ಮಾಸ್ತರರೊಬ್ಬರೇ ಒಪ್ಪದೆ ತಲೆ ಅಲ್ಲಾಡಿಸಿದರು.

ನಾನು ಮಾಡದ ಕೆಲಸವನ್ನು ಊರಿನ ಹಿರಿಯರು ಮಾಡುವುದಾಗಿ ಹೇಳಿದರು. ಮಗ ದೇವಿಯನ್ನು ಕಸಿದುಕೊಂಡದ್ದನ್ನು ಕೋರ್ಟಿನಲ್ಲಿ ಹೇಳಿದರೆ ಮುಖವನ್ನು ತಾವು ಕೊಡಿಸುತ್ತೇವೆಂದು ಅವಳನ್ನು ಒಪ್ಪಿಸಿದರಂತೆ. ಹುಕ್ಕೇರಿ ಕೋರ್ಟಿನಲ್ಲಿ ಸರಕಾರದ ಸಾಕ್ಷಿಯಾಗಿ ಅವಳ ಹೆಸರು ಕೂಗಿದರು. ಮಗ ತಲೆ ಎತ್ತಲಿಲ್ಲ.

ಸರಕಾರಿ ವಕೀಲರು ಕೇಳಿದ್ದಕ್ಕೆ ನೆಟ್ಟಗೆ ಹೇಳಿದಳು. "ಹೌದ್ರಿ, ನನ್ನ ಮಗ ನನ್ನ ದೇವಿ ಒಯ್ದಾನ. ಖರೆ ಐತಿ." ಅವರು ಸಮಾಧಾನದಿಂದ ಕುಳಿತರು.

ನಾನು ಎದ್ದೆ. ಅವಳನ್ನು ಸುಳ್ಳುಗಾರ್ತಿ ಎನ್ನುವ ಹಾಗಿರಲಿಲ್ಲ. ಒಂದೇ ಪ್ರಶ್ನೆ ಕೇಳಿದೆ. "ಅವ್ವಾ, ಗುಡಿಸಲದಾಗ ಮದಲ ಕೈ ಮಾಡಿದವರು ಯಾರು?"

ಅವಳು ಸಾಲಾಗಿ ಕುಳಿತ ಹಿರಿಯರ ಕಡೆ ಕೈ ತೋರಿದಳು. "ಇವರ ನೋಡ್ರಿ. ಪಟಾ ಒಡದು ಕಾಲಿಲೆ ತುಳದ್ರು. ಅದು ಅವರ ದೇವರು, ತುಳೀಬ್ಯಾಡ್ರಿ ಅಂತ ನಾನ ಅಡ್ಡ ಹೋದ್ನಿ. ನನ್ನೂ ನೂಕಿದ್ರು. ಆಮ್ಯಾಲ ನನ್ನ ಮಗ ಕೈ ಎತ್ತಿದಾ."

ಅಷ್ಟಕ್ಕೆ ನಿಲ್ಲಿಸಲಿಲ್ಲ. ನನ್ನ ಕಡೆ ತಿರುಗಿ, "ಈ ಸಾಹೇಬ್ರಿಗೂ ಮೂರು ಸಲ ಹೇಳೇನ್ರಿ. ಇವರೂ ನನ್ನ ದೇವಿ ಕೊಡಸಲಿಲ್ಲ," ಎಂದಳು. ಮ್ಯಾಜಿಸ್ಟ್ರೇಟರು ಆ ಮಾತು ಬರೆದುಕೊಳ್ಳುವುದು ಬೇಡ ಎಂದರು. ಕೋರ್ಟಿನಲ್ಲಿ ಯಾರೋ ನಕ್ಕರು. ಇಡೀ ವಕೀಲಿಕೆಯಲ್ಲಿ ಅಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ.

ಅವಳ ಮಾತಿನಿಂದಲೇ ಮೂವರೂ ಬಿಡುಗಡೆಯಾದರು. ಕೇರಿಯವರು ನನಗೆ ಮಾಲೆ ಹಾಕಿದರು. ಅವಳು ಮಾತ್ರ ಆ ಜನರಲ್ಲಿ ಇರಲಿಲ್ಲ. ಹಿರಿಯರಿಗೂ ಬೇಡವಾಗಿ, ಮಗನ ಸಂಗಡ ಇರಲೂ ಆಗದೆ ಮಸಗುಪ್ಪಿಯ ತಮ್ಮನ ಮನೆಗೆ ಹೋಗಿದ್ದಳು.

ಮರುದಿನವೇ, ದೇವಿಯ ಮುಖವನ್ನು ತಾಯಿಗೆ ತಿರುಗಿ ಕೊಡು ಎಂದು ಮಗನಿಗೆ ಕಾಗದ ಬರೆದೆ. ನಾಲ್ಕು ದಿನ ಬಿಟ್ಟು ಅವನೇ ಕಚೇರಿಗೆ ಬಂದ, ಕಾಗದವನ್ನು ಮೇಜಿನ ಮೇಲೆ ಹಾಕಿದ.

"ನೀವೂ ಊರ ಹಿರಿಯರ ಪೈಕಿನ ಆದ್ರಿ," ಎಂದ.

"ಅದು ಅವ್ವನ ದೇವರು, ತಮ್ಮಾ. ನೀನು ಬಿಟ್ಟಿ. ಆಕಿ ಬಿಟ್ಟಿಲ್ಲ."

"ನಂಗೊಬ್ಬಾಕಿ ಅಕ್ಕ ಇದ್ಲು, ಗೊತ್ತೈತೇನ್ರಿ?" ಅವನ ದನಿ ಒಮ್ಮೆಲೆ ಇಳಿಯಿತು. "ಆ ಮಾರಿ ಮುಂದ ಕುಂದ್ರಿಸಿ ಕೊಳ್ಳಾಗ ಮುತ್ತು ಕಟ್ಟಿದ್ರು. ದೇವಿಗೆ ಬಿಟ್ರು. ಹನ್ನೊಂದು ವರ್ಸದಾಕಿ. ಆಮ್ಯಾಲ ಯಾರ್ಯಾರೋ ಮನಿಗೆ ಬಂದ್ರು. ಕಡೀಕ ಸಾಂಗಲಿಗೆ ಹೋದ್ಲು, ತಿರುಗಿ ಬರಲಿಲ್ಲ. ಕಟ್ಟಿದಾಕಿ ನಮ್ಮವ್ವನ. ಅಂಥಾ ದೇವಿ ನಾಳೆ ನನ್ನ ಮಗಳನ್ನೂ ಕೇಳಿದ್ರ? ಅದಕ್ಕೂ ಸ್ವಾತಂತ್ರ್ಯ ಐತೇನ್ರಿ, ನಿಮ್ಮ ಕಾಯದೆದಾಗ?"

ಹುಡುಗಿಯರನ್ನು ಹಾಗೆ ದೇವದಾಸಿಯಾಗಿ ಬಿಡುವುದಕ್ಕೆ ಕಾಯದೆಯಲ್ಲಿ ಜಾಗವಿಲ್ಲ, ಮುಖ ಇಟ್ಟುಕೊಂಡು ಕೈಮುಗಿಯುವುದಕ್ಕೆ ಇದೆ ಎಂದೆ. ಆ ಉತ್ತರ ತಪ್ಪಲ್ಲ. ಆದರೆ ಅವನ ಮುಖ ನೋಡುತ್ತ ಅದನ್ನು ಹೇಳುವುದು ಸುಲಭವಿರಲಿಲ್ಲ. ಹೋಗುವಾಗ ಅವನು ಚೀಲದಿಂದ ಒಂದು ಗಂಟು ತೆಗೆದು ಮೇಜಿನ ಮೇಲಿಟ್ಟ. ಕೊಡಬೇಕೆಂದೇ ದೇವಿಯ ಮುಖವನ್ನು ತಂದಿದ್ದ.

"ನೀವ ಕೊಡ್ರಿ. ನನ್ನ ಕೈಲೆ ಆಗಂಗಿಲ್ಲ."

ಮೂಡಲಗಿಯವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಮಸಗುಪ್ಪಿಗೆ ನಡೆದೆ. ಅವಳು ತಮ್ಮನ ಹೊಲದ ಬದುವಿನ ಮೇಲೆ ಶೇಂಗಾ ಬಿಡಿಸುತ್ತ ಕುಳಿತಿದ್ದಳು. ಗಂಟು ಬಿಚ್ಚಿ ಮುಖವನ್ನು ಸೆರಗಿನಿಂದ ಒರೆಸಿದಳು. ಮಗ ಉಂಡನೇ, ಹೇಗಿದ್ದಾನೆ ಎಂದು ಕೇಳಿದಳು. ಅವನು ಅಕ್ಕನ ಬಗ್ಗೆ ಹೇಳಿದ್ದನ್ನು ತಿಳಿಸಿದೆ. ಅವಳು ಮುಖವನ್ನು ಮಡಿಲಲ್ಲಿಟ್ಟುಕೊಂಡಳು.

"ಹೌದ್ರಿ, ನಾನ ಕಟ್ಟೇನಿ," ಎಂದಳು. "ನಮ್ಮವ್ವ ನಂಗ ಕಟ್ಟಿದ್ಲು. ಆಗ ನಂಗ ಬ್ಯಾರೆ ಏನೂ ಗೊತ್ತಿರಲಿಲ್ಲ. ದಿನಾ ಇದರ ಮುಂದ ಕುಂತು ದೇವಿನ್ನ ಕೇಳತಿದ್ನಿರಿ, ಎಲ್ಲಿ ಇಟ್ಟೀವ್ವಾ ನನ್ನ ಮಗಳನ್ನ ಅಂತ. ಇದನ್ನ ಒಯ್ದ ಮ್ಯಾಲ ಕೇಳಾಕ ನಂಗ ಯಾರೂ ಉಳಿದಿರಲಿಲ್ರಿ."

ಇದನ್ನು ಅವಳು ಮಗನಿಗೆ ಎಂದೂ ಹೇಳಿರಲಿಲ್ಲ. ನಾನು ಹೋಗಿ ಹೇಳಿದೆ. ಅವನು ಕೇಳಿಸಿಕೊಂಡ. ಮುಂದೆ ವರ್ಷಕ್ಕೊಮ್ಮೆ ತಾಯಿಯನ್ನು ನೋಡಲು ಹೋಗುತ್ತಿದ್ದ, ದೇವಿ ಇದ್ದ ಮನೆಯೊಳಗೆ ಕಾಲಿಡದೆ ಹೊಸ್ತಿಲಾಚೆಯೇ ಕುಳಿತು ಮಾತಾಡಿ ಬರುತ್ತಿದ್ದ ಎಂದು ಕೇಳಿದೆ.

ಮುಂದಿನ ಸಭೆಯಲ್ಲಿ ನಾನು ಒಂದು ಠರಾವು ಇಟ್ಟೆ. ನಮ್ಮ ಕಕ್ಷಿದಾರರ ವಿರುದ್ಧವೇ ಯಾರಾದರೂ ದೂರು ತಂದರೂ ಅಂಥವರನ್ನು ಕಾಯಿಸಬಾರದು ಎಂದು. ಇಬ್ಬರು ವಕೀಲರು ಅಂದೇ ಸಮಿತಿ ಬಿಟ್ಟರು. ಕೇರಿಯವರು ಮೊದಲಿನಂತೆ ಬರುವುದನ್ನು ನಿಲ್ಲಿಸಿದರು. ಮಾಸ್ತರರು ಠರಾವಿಗೆ ಸಹಿ ಹಾಕಿ, "ಇದನ್ನ ಆಕಿ ಮದಲನೇ ಸಲ ಬಂದಾಗ ಬರೀಬೇಕಿತ್ತು ನೋಡ್ರಿ," ಎಂದರು. ಹೌದೆಂದೆ.